ಜಿಡ್ಡಣ್ಣನ ಗ್ರೀಸ್ ಡಬ್ಬಿ

ಅವಳು ಜಿಡ್ಡಣ್ಣನ ಮುಖಕ್ಕಿಂತ ಮೊದಲು ನೋಡಿದ್ದು ಅವನ ಕಾಲುಗಳನ್ನು. ಅಪ್ಪನ ಹಳೇ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ ಒಳಗೆ ಒಂದು ಟೆಂಪೋದ ಕೆಳಗಿನಿಂದ ಎರಡು ಕಾಲುಗಳು ಹೊರಕ್ಕೆ ಚಾಚಿಕೊಂಡಿದ್ದವು. ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋದ ಜಾಗಕ್ಕೆ ಫ್ಯಾನ್ ಬೆಲ್ಟಿನ ತುಂಡೊಂದನ್ನು ದಬ್ಬಳದಿಂದ ಹೊಲಿಯಲಾಗಿತ್ತು. ಯಾರನ್ನು ಕೇಳಬೇಕು ಎಂದು ಅವಳು ಅತ್ತಿತ್ತ ನೋಡುತ್ತಿರುವಾಗಲೇ ಟೆಂಪೋದ ಅಡಿಯಿಂದ ಮಾತು ಬಂತು.

"ಇಂಜಿನ್ ಆರಿಸ್ಬೇಡಿ. ಸ್ವಲ್ಪ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬನ್ನಿ."

ಅವಳು ಹಾಗೇ ಮಾಡಿದಳು. ಇನ್ನೊಂದು ಸಲ ಬರುವಂತೆ ಹೇಳಿದ. ಈ ಸಲ ಬ್ರೇಕ್ ತುಳಿಯದೆ ಗಾಡಿ ತಾನಾಗಿಯೇ ನಿಲ್ಲಲಿ ಎಂದ. ಆಮೇಲೆ ಕಾಲುಗಳು ನೆಲವನ್ನು ಒದ್ದುಕೊಂಡು ಹೊರಬಂದವು. ಅವುಗಳ ಹಿಂದೆ ಮೈ, ಕೊನೆಗೆ ತಲೆ. ಕುಳ್ಳ ಮನುಷ್ಯ. ಮೊಣಕೈಯಿಂದ ಬೆರಳ ತುದಿಯವರೆಗೆ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಮಿರಮಿರ ಮಿಂಚುತ್ತಿದ್ದ. ಮುಖದಲ್ಲಿ ಮಾತ್ರ ಒಂದು ಕಲೆಯೂ ಇರಲಿಲ್ಲ.

ಕಾರಿನಿಂದ ಕರಕರ ಎನ್ನುವ ಸದ್ದು ಶುರುವಾಗಿ ಬಹಳ ದಿನವಾಗಿತ್ತು. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದಂಥ ಸದ್ದು. ಊರ ಮುಂದಿನ ದೊಡ್ಡ ಗ್ಯಾರೇಜಿನವರು ಬ್ರೇಕಿನ ಸಾಮಾನೆಲ್ಲ ಬದಲಾಯಿಸಬೇಕು ಎಂದಿದ್ದರು. ಅಪ್ಪ ಬೇಸತ್ತು, ಗುಜರಿಗೆ ಹಾಕಿಬಿಡೋಣ ಎಂದಿದ್ದ. ಆ ಕಾರಿನಲ್ಲೇ ಡ್ರೈವಿಂಗ್ ಕಲಿತ ಅವಳಿಗೆ ಮನಸ್ಸು ಬರದೆ, ಯಾರೋ ಹೇಳಿದ್ದನ್ನು ಕೇಳಿಕೊಂಡು ಇಲ್ಲಿಗೆ ಬಂದಿದ್ದಳು.

ಅವನು ಪಕ್ಕದ ಸೀಟಿನ ಮೇಲೆ ತಾನೇ ಒಂದು ಹಳೇ ಪೇಪರ್ ಹಾಸಿಕೊಂಡು ಕೂತ. ಗಲ್ಲಿಯ ಕೊನೆಯವರೆಗೆ ಹೋಗಿಬರೋಣ ಎಂದ. ಕಣ್ಣು ಮುಚ್ಚಿಕೊಂಡು, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮೆಲ್ಲಗೆ ಬ್ರೇಕ್ ಹಾಕಿ, ಈಗ ಜೋರಾಗಿ ಹಾಕಿ ಎಂದು ಹೇಳುತ್ತಲೇ ಹೋದ. ಅವಳು ಹೇಳಿದ್ದೆಲ್ಲ ಮಾಡಿ, ಕೊನೆಗೆ ಕೇಳಿಯೇಬಿಟ್ಟಳು.

"ನೀವು ಪರೀಕ್ಷೆ ಮಾಡ್ತಿರೋದು ಕಾರನ್ನೋ ನನ್ನನ್ನೋ?"

"ಕಾರು ಪಾಸಾಯ್ತು," ಅವನು ಕಣ್ಣು ತೆರೆಯಲಿಲ್ಲ. "ನೀವು ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಿ. ಅದಕ್ಕೆ ಅರ್ಧ ಮಾರ್ಕು ಕಟ್ಟು, ಡ್ರೈವರಮ್ಮ."

ಆ ಹೆಸರು ಅವಳಿಗೆ ಅಂಟಿಕೊಂಡಿದ್ದು ಅವತ್ತೇ. ಶೆಡ್ಡಿಗೆ ಹಿಂತಿರುಗಿ ಬಂದ ಮೇಲೆ ಅವನು ವಿವರಿಸಿದ. ಬ್ರೇಕ್ ತುಳಿದಾಗ ಸದ್ದು ಹೆಚ್ಚಾದರೆ ಪ್ಯಾಡು ಸವೆದಿದೆ ಎಂದರ್ಥ. ತಿರುವಿನಲ್ಲಿ ಗುಂಯ್ಗುಡುತ್ತ ಏರಿಳಿದರೆ ಬೇರಿಂಗು. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ನಾಲ್ಕು ಹೆಜ್ಜೆ ಕರಕರ ಎಂದು ಸುಮ್ಮನಾದರೆ ಬರೀ ತುಕ್ಕು. ಇವಳ ಕಾರಿನ ಸದ್ದು ಇದ್ಯಾವುದೂ ಅಲ್ಲ. ತುಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಚಕ್ರ ಬಿಚ್ಚಿ, ಬ್ರೇಕಿನ ತಟ್ಟೆಗೂ ಅದರ ಹಿಂದಿನ ತಗಡಿಗೂ ನಡುವೆ ಸ್ಕ್ರೂಡ್ರೈವರ್ ತೂರಿಸಿ ಒಂದು ಸಲ ಮೀಟಿದ. ಕಡಲೆಯಷ್ಟು ಗಾತ್ರದ ಕಲ್ಲೊಂದು ನೆಲಕ್ಕೆ ಬಿತ್ತು. ಇಷ್ಟು ದಿನ ಮನೆಯವರ ನಿದ್ದೆ ಕೆಡಿಸಿದ್ದು ಅದೇ.

ಚಕ್ರವನ್ನು ಹಾಗೇ ಕೂರಿಸಬಹುದಿತ್ತು. ಅವನು ಕೂರಿಸಲಿಲ್ಲ. ಗೋಡೆಯ ಗೂಡಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಬೆರಳಲ್ಲಿ ಕಪ್ಪು ಗ್ರೀಸನ್ನು ಬಾಚಿ, ಬ್ರೇಕಿನ ಪಿನ್ನುಗಳನ್ನು ಹೊರಗೆಳೆದು, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಸುತ್ತಲೂ ಸವರಿದ. ಮೂಲೆಯಲ್ಲಿ ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯುತ್ತಿದ್ದ ಎತ್ತರದ ಯುವಕ ತಲೆಯೆತ್ತಿ, ಅದು ನಮ್ಮಣ್ಣನ ಆಶೀರ್ವಾದ, ಬೇಡ ಅನ್ನೋ ಹಾಗಿಲ್ಲ ಎಂದು ನಕ್ಕ. ಮುಂದೆ ಅವಳು ಮದುವೆಯಾದದ್ದು ಆ ಯುವಕನನ್ನೇ.

ಜಿಡ್ಡಣ್ಣ ಹೀಗೆ ಅವಳಿಗೆ ಭಾವನಾದ. ಜಿಡ್ಡಣ್ಣ ಎನ್ನುವುದು ಗಿರಾಕಿಗಳು ಇಟ್ಟ ಹೆಸರು. ಶೆಡ್ಡಿನಲ್ಲಿ ಕಾಯುವವರಿಗೆಂದು ಹಾಕಿದ್ದ ಹಳೇ ಬಸ್ಸಿನ ಸೀಟಿನ ಮೇಲೆ ಕೂತವರು ಏಳುವಾಗ ಹಿಂಭಾಗದಲ್ಲಿ ಒಂದು ಗುರುತು ಹೊತ್ತುಕೊಂಡೇ ಏಳುತ್ತಿದ್ದರು. ಬಿಳಿ ಪ್ಯಾಂಟು ತೊಟ್ಟು ಅಲ್ಲಿಗೆ ಬಂದವನನ್ನು ನೋಡಿದರೆ ಅವನು ಹೊಸಬ ಎಂದು ಎದುರಿನ ಟೀ ಅಂಗಡಿಯವರೆಗೂ ಗೊತ್ತಾಗುತ್ತಿತ್ತು.

ಡಬ್ಬಿಯಲ್ಲಿದ್ದದ್ದು ಅವನೇ ಮಾಡಿದ ಗ್ರೀಸು. ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಲಾರಿಗಳಿಗೆಂದು ಮಾಡುತ್ತಿದ್ದ ಪಾಕ ಅದು. ಗಾಡಿಯ ಅಡಿಚೌಕಟ್ಟಿಗೆ, ಅಂದರೆ ಚಾಸಿಗೆ, ಹಾಕುವ ಗ್ರೀಸನ್ನು ಒಲೆಯ ಮೇಲೆ ಕರಗಿಸಿ, ಇಂಜಿನ್ ಆಯಿಲ್ ಬೆರೆಸಿ, ಪೆನ್ಸಿಲಿನ ಸೀಸದಂಥ ಕಪ್ಪು ಪುಡಿ ಹಾಕಿ ಆರಿಸಬೇಕು. ಅಂಗಡಿಯ ಗ್ರೀಸು ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಇದು ಗಾಡಿಯ ಜೊತೆ ಸಾಯುತ್ತದೆ ಎನ್ನುತ್ತಿದ್ದ. ಯಾವ ಕೆಲಸಕ್ಕೆ ಬಂದ ಗಾಡಿಯೇ ಇರಲಿ, ಹಾರ್ನು ರಿಪೇರಿಗೆ ಬಂದದ್ದಾದರೂ ಸರಿ, ಚಕ್ರ ಬಿಚ್ಚಿ ಆ ಡಬ್ಬಿಯದನ್ನು ಸವರದೆ ಕಳಿಸುತ್ತಿರಲಿಲ್ಲ. ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ.

ಅವನ ಹೆಂಡತಿ ದೊಡ್ಡ ನಗೆಯ ಹೆಂಗಸು. ಓರಗಿತ್ತಿಯರು ಅಂದರೆ ಹೇಗಿರುತ್ತಾರೋ ಎಂದು ಹೆದರಿಕೊಂಡು ಬಂದಿದ್ದ ಡ್ರೈವರಮ್ಮನಿಗೆ ಅವಳು ಮೊದಲ ವಾರದಲ್ಲೇ ಅಕ್ಕನಾದಳು. "ನಾನು ಮದುವೆ ಆಗಿದ್ದು ಆ ಡಬ್ಬಿನ ಕಣೆ," ಎನ್ನುತ್ತಿದ್ದಳು, "ಇವ್ರು ಅದರ ಜೊತೆ ಬಂದೋರು." ಬಟ್ಟೆ ಸೋಪಿನ ಬಾರು ಹಿಡಿದುಕೊಂಡು ಗಂಡನ ಹಿಂದೆ ಬಚ್ಚಲವರೆಗೆ ಹೋಗುತ್ತಿದ್ದಳು. ಅವಳ ಸೀರೆಯ ಸೆರಗಿನಲ್ಲೂ, ಬಾಗಿಲ ಚಿಲಕದಲ್ಲೂ, ನೀರಿನ ಲೋಟದಲ್ಲೂ ಕಪ್ಪು ಬೆರಳಿನ ಗುರುತಿರುತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡನನ್ನೂ ಮೈದುನನನ್ನೂ ಒಂದೇ ತಟ್ಟೆಯಲ್ಲಿ ಉಣಿಸಿದಂತೆ ಸಾಕುತ್ತಿದ್ದಳು. ಮೈದುನ ಬೇರೆ ಮನೆ ಮಾಡಿ, ಶೆಡ್ಡಿನ ಕೆಲಸ ಬಿಟ್ಟು, ಹಳೇ ವ್ಯಾನೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿದ ಮೇಲೂ ದಿನಕ್ಕೊಮ್ಮೆ ಅವನ ಮುಖ ನೋಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಕಾಲಕ್ಕೆ ಜಿಡ್ಡಣ್ಣನ ಹೆಸರು ಬೇರೊಂದು ಕಾರಣಕ್ಕೂ ಹರಡಿತ್ತು. ಈಚಿನ ಗಾಡಿಗಳ ಬ್ರೇಕಿನಲ್ಲಿ ತಿರುಗುವ ಕಬ್ಬಿಣದ ತಟ್ಟೆಯನ್ನು ಒಳಗಿನಿಂದ ಒಂದು, ಹೊರಗಿನಿಂದ ಒಂದು ಪ್ಯಾಡು ಚಿವುಟಿ ಹಿಡಿಯುತ್ತವೆ. ಆ ಚಿವುಟುವ ಕೈ ಎರಡು ಪಿನ್ನುಗಳ ಮೇಲೆ ಜಾರಾಡುತ್ತಿರಬೇಕು; ಕೆಳಗಿನ ಪಿನ್ನಿನ ತುದಿಗೆ ಒಂದು ಸಣ್ಣ ರಬ್ಬರಿನ ಬಳೆ ಇರುತ್ತದೆ. ಪಿನ್ನು ಬಿಗಿಯಾಯಿತೋ, ಒಳಗಿನ ಪ್ಯಾಡು ಮಾತ್ರ ದುಡಿದು ದುಡಿದು ಸವೆದು ಕಬ್ಬಿಣ ಮುಟ್ಟುತ್ತದೆ. ಹೊರಗಿನದು ಕೂತು ಉಂಡವನ ಹಾಗೆ ದಪ್ಪಗೆ ಉಳಿದಿರುತ್ತದೆ. ಆ ಬದಿಯ ಹಿಡಿತ ತಪ್ಪಿ, ಬ್ರೇಕ್ ತುಳಿದಾಗ ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ. ಹೊರಗಿನಿಂದ ಇಣುಕಿ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜಿಡ್ಡಣ್ಣ ಮಾತ್ರ ಸದ್ದು ಕೇಳಿಯೇ, ಒಳಗಿನದು ಹೋಗಿದೆ ಎಂದುಬಿಡುತ್ತಿದ್ದ. ಬಿಚ್ಚಿದರೆ ಹಾಗೇ ಇರುತ್ತಿತ್ತು. ಅವನ ಹಳೇ ಗಿರಾಕಿಗಳ ಗಾಡಿಗಳೇ ವರ್ಷ, ಒಂದೂವರೆ ವರ್ಷ ಬಿಟ್ಟು ಇದೇ ರೋಗ ಹಿಡಿಸಿಕೊಂಡು ಬರುತ್ತಿದ್ದವು. ಅವನು ಧೂಳನ್ನು ಬಯ್ಯುತ್ತಿದ್ದ, ರಸ್ತೆಯನ್ನು ಬಯ್ಯುತ್ತಿದ್ದ, ಈಗಿನ ರಬ್ಬರು ರಬ್ಬರೇ ಅಲ್ಲ ಎನ್ನುತ್ತಿದ್ದ. ಪಿನ್ನು ಬಡಿದು ತೆಗೆದು, ಉಜ್ಜಿ, ಹೊಸ ರಬ್ಬರು ಹಾಕಿ, ಡಬ್ಬಿಯದನ್ನು ಇನ್ನೂ ಧಾರಾಳವಾಗಿ ಸವರುತ್ತಿದ್ದ. ಗಿರಾಕಿಗಳು ಕೈ ಮುಗಿದು ಹೋಗುತ್ತಿದ್ದರು.

ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿದ್ದ ಬೆಳಿಗ್ಗೆ ಹೊರಡಬೇಕಾದವನು ಜಿಡ್ಡಣ್ಣನೇ. ಆದರೆ ಶೆಡ್ಡಿನಲ್ಲಿ ಆಂಬುಲೆನ್ಸೊಂದು ಗೇರ್‌ಬಾಕ್ಸ್ ಬಿಚ್ಚಿಕೊಂಡು ಕೂತಿತ್ತು; ಅದನ್ನು ಬಿಟ್ಟು ಏಳುವಂತಿರಲಿಲ್ಲ. ತಮ್ಮ ತನ್ನ ವ್ಯಾನು ತಂದ. ಅಕ್ಕ ಮುಂದಿನ ಸೀಟಿನಲ್ಲಿ ಕೂತು, ಮೈದುನನ ಜೊತೆ ಹೋಗುವುದೇ ವಾಸಿ, ಇವರ ಜೊತೆ ಹೋದರೆ ಸೀರೆ ಹಾಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಡ್ರೈವರಮ್ಮ ಅಕ್ಕನ ಚೀಲ ಕೊಡಲು ಬಂದವಳು ಅಲ್ಲೇ ನಿಂತಿದ್ದಳು.

"ಅಣ್ಣ, ಎಡಗಡೆ ಮುಂದಿನ ಚಕ್ರ ಸ್ವಲ್ಪ ಕರಕರ ಅಂತಿದೆ," ಎಂದ ತಮ್ಮ.

ಜಿಡ್ಡಣ್ಣ ಬಂದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರದ ತೂತಿನಿಂದ ಟಾರ್ಚು ಬಿಟ್ಟು ನೋಡಿದ. ಹೊರಗಿನ ಪ್ಯಾಡು ದಪ್ಪಗಿತ್ತು. ಬೇರೆ ಯಾರದಾದರೂ ಗಾಡಿಯಾಗಿದ್ದರೆ ಚಕ್ರ ಬಿಚ್ಚದೆ ಬಿಡುತ್ತಿರಲಿಲ್ಲ. ಇದು ಕೆಲವೇ ತಿಂಗಳ ಹಿಂದೆ ತನ್ನ ಕೈಯಾರೆ ಹೊಸ ಪ್ಯಾಡು, ಹೊಸ ರಬ್ಬರು ಹಾಕಿ, ತನ್ನ ಡಬ್ಬಿಯಿಂದ ಸವರಿದ ಚಕ್ರ. ಆ ಪಿನ್ನು ಬಿಗಿಯಾಗುವ ಮಾತೇ ಅವನ ತಲೆಗೆ ಬರಲಿಲ್ಲ. ರಾತ್ರಿಯ ಇಬ್ಬನಿಗೆ ತುಕ್ಕು ಹಿಡಿದಿರುತ್ತೆ, ನಾಲ್ಕು ಸಲ ಬ್ರೇಕ್ ತುಳಿ, ಹೋಗುತ್ತೆ ಎಂದು ಹೇಳಿ ಎದ್ದು ಗೇರ್‌ಬಾಕ್ಸಿನ ಕಡೆಗೆ ನಡೆದ.

ಆಸ್ಪತ್ರೆಯ ದಾರಿಯಲ್ಲಿ, ಇಳಿಜಾರಿನ ಕೊನೆಗೆ ಒಂದು ಸೇತುವೆ ಇದೆ. ವ್ಯಾನಿನ ಎಡಬದಿ ಅದರ ಗೋಡೆಗೆ ಬಡಿಯಿತು. ಅಕ್ಕ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು.

ತಮ್ಮನಿಗೆ ಆದದ್ದು ಹಣೆಯ ಮೇಲೆ ಒಂದು ಗಾಯ ಮಾತ್ರ. ಅಷ್ಟೇ ಆದದ್ದಕ್ಕೆ ಅವನು ಇವತ್ತಿಗೂ ಮುಖ ತೋರಿಸಲಾರ. ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ ಒಂದೇ ಮಾತನ್ನು ಒಂದೇ ಕ್ರಮದಲ್ಲಿ ಹೇಳಿದ. ಸದ್ದು ಜೋರಾಯಿತು, ಬ್ರೇಕ್ ತುಳಿದೆ, ಗಾಡಿ ಬಲಕ್ಕೆ ಎಳೆಯಿತು, ಎದುರಿಗೆ ಬಸ್ಸಿತ್ತು, ಎಡಕ್ಕೆ ತಿರುಗಿಸಿದೆ. ಪೊಲೀಸಿನವನಿಗೂ ಅದೇ, ನರ್ಸಿಗೂ ಅದೇ. ಜಿಡ್ಡಣ್ಣ ಬಂದು ಎದುರಿಗೆ ನಿಂತು, ಒಂದು ಶಬ್ದವೂ ಬಿಡದಂತೆ ಕೇಳಿಸಿಕೊಂಡ. ಆಮೇಲೆ ಹೇಳಿದ:

"ನನ್ನ ಕೈಕೆಲಸ ತಪ್ಪಿಲ್ಲ. ನಿನ್ನ ಕಾಲು ತಪ್ಪಿದೆ."

ಅಣ್ಣತಮ್ಮಂದಿರ ನಡುವೆ ಅದೇ ಕೊನೆಯ ಮಾತಾಯಿತು. ನುಜ್ಜುಗುಜ್ಜಾದ ವ್ಯಾನನ್ನು ಗುಜರಿಯವರು ಎಳೆದುಕೊಂಡು ಹೋದರು. ಚಕ್ರ ಬಿಚ್ಚಿ ನೋಡೋಣ ಎಂದು ಯಾರಿಗೂ ತೋಚಲಿಲ್ಲ. ನೋಡಬಲ್ಲವನು ಒಬ್ಬನೇ, ಅವನು ಹೇಳುವುದನ್ನು ಹೇಳಿ ಮುಗಿಸಿದ್ದ.

ಅಲ್ಲಿಂದ ಮುಂದಿನ ವರ್ಷಗಳು ಡ್ರೈವರಮ್ಮನಿಗೆ ಒಂದೇ ದಿನವನ್ನು ಮತ್ತೆ ಮತ್ತೆ ಒಗೆದು ಹರವಿದ ಹಾಗಿದ್ದವು. ಗಂಡ ಸ್ಟೇರಿಂಗ್ ಮುಟ್ಟಲಿಲ್ಲ. ಬಸ್ಸಿನಲ್ಲೂ ಹಿಂದಿನ ಸೀಟಿಗೆ ಹೋಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಆಮೇಲೆ ಬಸ್ಸೂ ಬೇಡವಾಯಿತು. ಸ್ವಿಚ್ಚು ಮಾಡುವ ಕಾರ್ಖಾನೆಯವರು ಮನೆಗೆ ಕೊಡುವ ಮೂಟೆ ತರಿಸಿಕೊಂಡು, ಬೆಳಿಗ್ಗೆಯಿಂದ ಸಂಜೆವರೆಗೆ ನೆಲದ ಮೇಲೆ ಕೂತು, ಸಣ್ಣ ಸಣ್ಣ ಸ್ವಿಚ್ಚುಗಳೊಳಗೆ ಸ್ಪ್ರಿಂಗು ಕೂರಿಸುತ್ತಿದ್ದ. ಮನೆಯೊಳಗೆ ನಡೆಯುವಾಗಲೂ ಇನ್ನೊಬ್ಬರ ಮನೆಯಲ್ಲಿದ್ದವನ ಹಾಗೆ ಗೋಡೆಯಂಚಿಗೇ ನಡೆಯುತ್ತಿದ್ದ. ಅವಳು ಹಳೇ ವ್ಯಾನೊಂದನ್ನು ಹಿಡಿದು ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಕರೆದೊಯ್ದು ಬಿಡುವ ಕೆಲಸ ಶುರುಮಾಡಿದಳು. ಮೊದಮೊದಲು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಳಂತೂ, ಇವಳ ಗಂಡನೇ ಅಲ್ವಾ ಅವನು ಎಂದು ಹಿಂದಿನ ಸೀಟಿನಿಂದ ಕೇಳುವ ಹಾಗೇ ಅಂದಳು. ಅವಳು ಕನ್ನಡಿ ಸರಿಮಾಡಿಕೊಂಡು ಗಾಡಿ ಓಡಿಸಿದಳು.

ವ್ಯಾನಿನ ರಿಪೇರಿಗೆ ಅವಳು ಜಿಡ್ಡಣ್ಣನ ಶೆಡ್ಡಿಗೇ ಹೋಗುತ್ತಿದ್ದಳು. ಜನ ಇದನ್ನು ವಿಚಿತ್ರ ಎಂದರು. ಅವಳಿಗೆ ಅವನಿಂದ ಬೇಕಾದದ್ದು ರಿಪೇರಿಯಲ್ಲ. ಗಂಡನ ಮುಂದೆ ನಿಂತು, ನಿನ್ನ ತಪ್ಪಲ್ಲ ಕಣೋ ಎಂದು ಅವನು ಒಂದು ಮಾತು ಹೇಳಬೇಕಿತ್ತು. ಬೇರೆ ಯಾರು ಹೇಳಿದರೂ ಗಂಡನ ಕಿವಿಗೆ ಇಳಿಯುತ್ತಿರಲಿಲ್ಲ. ಅವಳೇ ಹೇಳಿ ಹೇಳಿ ಬಾಯಿ ಸವೆಸಿಕೊಂಡಿದ್ದಳು. ಆ ಒಂದು ಮಾತಿಗಾಗಿ ಅವಳು ಆಯಿಲ್ ಬದಲಾಯಿಸುವ ನೆಪದಲ್ಲಿ, ಬಲ್ಬಿನ ನೆಪದಲ್ಲಿ ಹೋಗಿ ಬಸ್ಸಿನ ಸೀಟಿನ ಮೇಲೆ ಕೂರುತ್ತಿದ್ದಳು. ಅವನು ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದ. ಸೆಖೆಯ ಬಗ್ಗೆ, ಟಯರಿನ ಬಗ್ಗೆ ಮಾತಾಡುತ್ತಿದ್ದ. ತಮ್ಮನ ಹೆಸರು ಬರುವ ಸುಳಿವು ಸಿಕ್ಕರೆ ಸಾಕು, ಗಾಡಿಯ ಕೆಳಗೆ ತೂರಿಬಿಡುತ್ತಿದ್ದ. ಹೆಂಡತಿ ಹೋದ ಮೇಲೆ ಅವನ ಮುಖಕ್ಕೂ ಕಪ್ಪು ಹತ್ತತೊಡಗಿತ್ತು; ಬಚ್ಚಲವರೆಗೆ ಸೋಪು ಹಿಡಿದು ಬರುವವರಿರಲಿಲ್ಲ.

ಹೀಗಿರುವಾಗ ಅವಳ ವ್ಯಾನಿನ ಎಡಗಡೆ ಮುಂದಿನ ಚಕ್ರದಲ್ಲಿ ಕರಕರ ಶುರುವಾಯಿತು.

ಮೊದಲ ದಿನ ಅವಳು ಅದನ್ನು ತುಕ್ಕು ಎಂದುಕೊಂಡಳು. ಎರಡನೆಯ ದಿನ ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ಸ್ಟೇರಿಂಗು ತನ್ನ ಕೈಯಲ್ಲೇ ಮೆಲ್ಲಗೆ ಬಲಕ್ಕೆ ಹೊರಳಿತು.  ಹೆಂಗಸರನ್ನೆಲ್ಲ ರಸ್ತೆ ಬದಿಯಲ್ಲೇ ಇಳಿಸಿ, ಬೇರೆ ಗಾಡಿ ಹತ್ತಿಸಿ, ತಾನು ಆಮೆಯ ಹಾಗೆ ಶೆಡ್ಡಿಗೆ ಬಂದಳು. ಗಂಡ ಮೊಗಸಾಲೆಯಲ್ಲಿ ಹೇಳಿದ ಕ್ರಮದಲ್ಲೇ ಜಿಡ್ಡಣ್ಣನಿಗೆ ಹೇಳಿದಳು: ಸದ್ದು, ತುಳಿತ, ಬಲಕ್ಕೆ ಎಳೆತ. ಅವನು ಅವಳ ಮುಖವನ್ನೇ ನೋಡಿದ. ಟಾರ್ಚು ತರಲಿಲ್ಲ. ನೇರವಾಗಿ ಜಾಕು ತಂದ.

ಹೊರಗಿನ ಪ್ಯಾಡು ದಪ್ಪಗಿತ್ತು. ಒಳಗಿನದು ಇರಲೇ ಇಲ್ಲ. ಬರೀ ತಗಡು ತಟ್ಟೆಯನ್ನು ಕೆರೆದು ಕೆರೆದು ನೇಗಿಲ ಸಾಲಿನಂಥ ಗೀರು ಮಾಡಿತ್ತು. ಅವನು ಮೇಲಿನ ಪಿನ್ನನ್ನು ಬೆರಳಲ್ಲಿ ಎಳೆದ, ಬಂತು. ಕೆಳಗಿನದನ್ನು ಎಳೆದ, ಅಲುಗಲಿಲ್ಲ. ಇಕ್ಕಳ ಹಾಕಿ ತಿರುಚಿದ, ಸುತ್ತಿಗೆಯಲ್ಲಿ ಬಡಿದ. ಬಹಳ ಹೊತ್ತಿನ ಮೇಲೆ ಅದು ಹಲ್ಲು ಕಿತ್ತ ಹಾಗೆ ಹೊರಬಂತು. ಅದರ ತುದಿಯಲ್ಲಿದ್ದ ರಬ್ಬರು ಊದಿಕೊಂಡು, ಮೆತ್ತಗಾಗಿ, ಬೆರಳಿಗೆ ಅಂಟುತ್ತಿತ್ತು. ಅವನೇ ಹೋದ ಸಲ ಹಾಕಿದ ಹೊಸ ರಬ್ಬರು ಅದು. ಈಗಿನ ರಬ್ಬರು ರಬ್ಬರೇ ಅಲ್ಲ ಎಂದು ಶುರುಮಾಡಿದ.

ಅವಳಿಗೆ ರಿಪೇರಿಯ ವಿದ್ಯೆ ಗೊತ್ತಿರಲಿಲ್ಲ. ಕಂಡದ್ದನ್ನು ಕೇಳಿದಳು. "ನೆನೆಸಿಟ್ಟ ಕಡಲೆ ಹಾಗಿದೆಯಲ್ಲ ಭಾವ. ಇಲ್ಲಿಗೆ ನೀರು ಹೋಗುತ್ತಾ?"

"ನೀರು ಹೋಗಲ್ಲ. ಬಾಯಿಗೆ ಟೊಪ್ಪಿ ಇರುತ್ತೆ. ಇಲ್ಲಿಗೆ ಹೋಗೋದು ಬರೀ..."

 ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿಂದ ಒತ್ತಿದ. ಡಬ್ಬಿಯಿದ್ದ ಗೂಡಿನ ಕಡೆ ನೋಡಿದ. ಇವತ್ತು ಗಾಡಿ ಕೊಡಲಾಗುವುದಿಲ್ಲ, ಎರಡು ದಿನ ಬಿಟ್ಟು ಬಾ ಎಂದಷ್ಟೇ ಹೇಳಿದ.

ಅವಳು ಹೋದ ಮೇಲೆ ಅವನು ಬಿಡಿಭಾಗದ ಅಂಗಡಿಗೆ ಹೋಗಿದ್ದ. ಎರಡು ಹೊಸ ರಬ್ಬರು, ಬ್ರೇಕಿನ ಪಿನ್ನಿಗೆಂದೇ ಬರುವ ಗ್ರೀಸಿನ ಸಣ್ಣ ಟ್ಯೂಬು ತಂದಿದ್ದ. ಆ ಟ್ಯೂಬನ್ನು ಅವನು ಈವರೆಗೆ ಕೊಂಡೇ ಇರಲಿಲ್ಲ. ಹೆಸರು ಬೇರೆ ಮಾಡಿ ಮಾರುವ ಮೋಸ ಎನ್ನುತ್ತಿದ್ದ. ಅಂಗಡಿಯವನು ಮಾಮೂಲಿ ಮಾತಿನಂತೆ, ಮಾಮೂಲಿ ಗ್ರೀಸು ಹಾಕಿದರೆ ರಬ್ಬರು ಊದುತ್ತೆ ಅಣ್ಣ, ನಿಮಗೆ ಗೊತ್ತಿಲ್ಲದ್ದಾ ಎಂದನಂತೆ. ಲಾರಿಯ ಹಳೇ ಬ್ರೇಕುಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗುತ್ತಿತ್ತು, ರಬ್ಬರಿರಲಿಲ್ಲ. ಮೇಸ್ತ್ರಿಯ ಪಾಕ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಗಾಡಿಗಳು ಬದಲಾದವು. ಡಬ್ಬಿ ಬದಲಾಗಲಿಲ್ಲ.

ಅವಳು ಬಂದಾಗ ಮಧ್ಯಾಹ್ನ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ನೆಲದ ಮೇಲೆ ಪೇಪರು ಹಾಸಿ ಎರಡು ರಬ್ಬರುಗಳನ್ನು ಇಟ್ಟಿದ್ದ. ಟ್ಯೂಬಿನ ಗ್ರೀಸಿನಲ್ಲಿ ಎರಡು ದಿನ ಅದ್ದಿಟ್ಟದ್ದು ತಂದ ಹಾಗೇ ಇತ್ತು. ಪಿನ್ನಿನ ಜೊತೆ ಬ್ರೇಕಿನ ತೂತಿನೊಳಗೆ ಸಲೀಸಾಗಿ ಜಾರಿ ಹೋಯಿತು. ತನ್ನ ಡಬ್ಬಿಯಲ್ಲಿ ಅದ್ದಿಟ್ಟದ್ದನ್ನು ಒತ್ತಿದ. ಅದು ಊದಿಕೊಂಡು ತೂತಿನ ಬಾಯಲ್ಲೇ ಸಿಕ್ಕಿಕೊಂಡಿತು. ತೆಗೆದು ಒರೆಸಿ ಮತ್ತೆ ಒತ್ತಿದ. ಹೀಗೆ ಅವಳು ಬರುವ ಮೊದಲೂ ಎಷ್ಟು ಸಲ ಮಾಡಿದ್ದನೋ, ಹೆಬ್ಬೆರಳಿನ ಉಗುರು ಕೆಂಪಾಗಿತ್ತು.

ಡ್ರೈವರಮ್ಮನಿಗೆ ಕೇಳಬೇಕಾದದ್ದು ಒಂದೇ ಇತ್ತು. ಇಷ್ಟು ವರ್ಷ ಕಾದ ಮಾತು ಎದುರಿಗೇ ಬಂದು ನಿಂತಿತ್ತು.

"ಆ ವ್ಯಾನಿಗೂ ಇದೇ ಡಬ್ಬಿದಾ, ಭಾವ?"

ಅವನು ಹೌದೆಂದು ತಲೆಯಾಡಿಸಿದ. "ಅವಳೂ ಅದರಲ್ಲಿ ಓಡಾಡ್ತಾಳೆ ಅಂತ ಗೊತ್ತಿತ್ತಲ್ಲ," ಎಂದ. "ಆವಾಗಾವಾಗ ಅವನ ಗಾಡೀಲಿ ಕೂರ್ತಾಳೆ ಅಂತ, ಒಂದು ಬೆರಳು ಜಾಸ್ತಿನೇ ಹಾಕಿದ್ದೆ."

ಅವನು ಮನೆಗೆ ಬರುತ್ತೇನೆ ಎಂದಾಗ ಅವಳು ತಡೆಯಲಿಲ್ಲ. ದಾರಿಯುದ್ದಕ್ಕೂ ಅವಳ ಎದೆಯಲ್ಲಿ ಸಂತೋಷ ಎನ್ನಲಾಗದ, ಆದರೆ ಅದರ ಹತ್ತಿರದ್ದೇ ಏನೋ ಇತ್ತು. ಗಂಡ ಕೂಗಾಡಲಿ, ಕಾಲರು ಹಿಡಿಯಲಿ, ಸ್ವಿಚ್ಚಿನ ಮೂಟೆಯನ್ನು ಅಣ್ಣನ ತಲೆಗೆ ಎಸೆಯಲಿ, ಏನಾದರೂ ಮಾಡಲಿ ಎಂದುಕೊಂಡಳು. ಆಮೇಲೆ ಅತ್ತು ಮುಗಿಸಿ ಮನುಷ್ಯನಾಗಲಿ.

ಜಿಡ್ಡಣ್ಣ ಆ ಮನೆಯ ಹೊಸ್ತಿಲು ದಾಟಿ ಎಷ್ಟೋ ಕಾಲವಾಗಿತ್ತು. ತಮ್ಮ ಸ್ವಿಚ್ಚುಗಳ ರಾಶಿಯ ನಡುವೆ ಕೂತಿದ್ದ. ಏಳಲು ಹೋಗಿ, ತೊಡೆಯ ಮೇಲಿನ ಸ್ಪ್ರಿಂಗುಗಳೆಲ್ಲ ಚೆಲ್ಲುತ್ತವೆಂದು ಅರ್ಧಕ್ಕೇ ನಿಂತ. ಜಿಡ್ಡಣ್ಣ ಎದುರಿಗೆ ಕೂತು ಪೇಪರು ಬಿಡಿಸಿ ರಬ್ಬರುಗಳನ್ನು ಇಟ್ಟ. ನೀರು ಬೇಕಾ ಎಂದು ಅವಳು ಕೇಳಿದಳು. 

"ಪಿನ್ನು ಹಿಡಿದಿತ್ತು," ಎಂದ ಜಿಡ್ಡಣ್ಣ. "ನನ್ನ ಗ್ರೀಸಿಂದ. ನೀನು ಹೇಳಿದ್ದೆಲ್ಲ ಸರಿ. ನಿಂದೇನೂ ತಪ್ಪಿಲ್ಲ ಕಣೋ."

ತಮ್ಮ ಊದಿದ ರಬ್ಬರನ್ನು ಎತ್ತಿಕೊಂಡ. ಶೆಡ್ಡಿನಲ್ಲಿ ಬೆಳೆದವನು, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹಿಸುಕಿ ನೋಡಿದ, ಮೂಸಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಡ್ರೈವರಮ್ಮನಿಗೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲೆ ಒಂದು ಕ್ಷಣ ಬೆಳಕು ಬಂದದ್ದನ್ನು ಅವಳು ನೋಡಿದಳು, ಅದು ಸುಳ್ಳಲ್ಲ. ಆಮೇಲೆ ಅವನು ಕಣ್ಣೆತ್ತಿ ಅಣ್ಣನನ್ನು ನೋಡಿದ. ಎಷ್ಟೋ ವರ್ಷದ ಮೇಲೆ ಮೊದಲ ಸಲ ಹತ್ತಿರದಿಂದ. ಕಪ್ಪು ಹತ್ತಿದ ಕೆನ್ನೆ, ಗುಂಡಿ ಕಿತ್ತ ಅಂಗಿ, ಎತ್ತಿ ಹಿಡಿಯಲಾಗದ ತಲೆ. ಬಂದ ಬೆಳಕು ಹಾಗೇ ಆರಿತು.

"ಇಲ್ಲ ಅಣ್ಣ," ಎಂದ. "ನಾನು ತೂಕಡಿಸಿದ್ದೆ."

"ಏನಂದೆ?"

"ಸದ್ದು ಗಿದ್ದು ಏನೂ ಇರ್ಲಿಲ್ಲ. ನಿದ್ದೆ ಹತ್ತಿತ್ತು. ನೀನು ಬಯ್ತೀಯ ಅಂತ ಆವತ್ತು ಸುಳ್ಳು ಹೇಳ್ದೆ. ನಿನ್ನ ಗ್ರೀಸಿಗೂ ಇದಕ್ಕೂ ಸಂಬಂಧ ಇಲ್ಲ."

ಜಿಡ್ಡಣ್ಣ ತಲೆಯೆತ್ತಿದ. "ಬೆಳಿಗ್ಗೆ ಶೆಡ್ಡಿಗೆ ಬಂದು, ಎಡಗಡೆ ಕರಕರ ಅಂತಿದೆ ಅಂದೋನು ನೀನೇ ಅಲ್ವೇನೋ."

"ಅದು ಬೇರೆ. ತುಕ್ಕಿಂದು."

"ಸುಳ್ಳು ಹೇಳೋಕೂ ಕಲೀಲಿಲ್ವಲ್ಲೋ ನೀನು," ಎಂದ ಜಿಡ್ಡಣ್ಣ. ಅವನ ದನಿಯಲ್ಲಿ ಹಳೆಯ ಸಲಿಗೆ ಇತ್ತು. ಅದು ಅಳುವುದಕ್ಕಿಂತ ಕಡೆಯಾಗಿ ಕೇಳಿಸಿತು.

ತಮ್ಮ ಒಪ್ಪಲಿಲ್ಲ. ಕೇಳಿದಷ್ಟೂ ಇನ್ನಷ್ಟು ಸೇರಿಸಿದ. ಹಿಂದಿನ ರಾತ್ರಿ ಬಾಡಿಗೆ ಇತ್ತು ಎಂದ, ಕಣ್ಣು ಉರಿಯುತ್ತಿತ್ತು ಎಂದ, ಅತ್ತಿಗೆ ಎರಡು ಸಲ ಎಚ್ಚರಿಸಿದ್ದಳು ಎಂದೂ ಹೇಳಿಬಿಟ್ಟ. ಹಿಂದಿನ ರಾತ್ರಿ ಅವನು ಮನೆಯಲ್ಲಿ ಬೆಳಗಾಗುವವರೆಗೆ ಮಲಗಿದ್ದನ್ನು ಪಕ್ಕದಲ್ಲೇ ಮಲಗಿದ್ದ ಹೆಂಡತಿ ಬಲ್ಲಳು. ಅವಳು ಬಾಯಿ ತೆರೆಯಲು ಹೋದಳು. ಗಂಡ ಅವಳ ಕಡೆ ತಿರುಗಿದ. ಬೇಡ ಎನ್ನುವಂತೆ ಅಷ್ಟೇ ನೋಡಿದ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಜಿಡ್ಡಣ್ಣ ರಬ್ಬರುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಎದ್ದ. ಅವನಿಗೆ ಕ್ಷಮೆಯೂ ಸಿಗಲಿಲ್ಲ, ಬೈಗುಳವೂ ಸಿಗಲಿಲ್ಲ. ತಂದದ್ದನ್ನು ಯಾರೂ ಇಳಿಸಿಕೊಳ್ಳದೆ ಹಾಗೇ ಹೊತ್ತು ವಾಪಸು ಹೋದ.

ಅವನು ಹೋದ ಮೇಲೆ ಅವಳು ಗಂಡನ ಎದುರಿಗೆ ಕೂತು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು.

"ಅವನಿಗೆ ಇನ್ನೇನು ಉಳಿದಿದೆ," ಎಂದ ಅವನು. "ಅತ್ತಿಗೆ ಹೋಗಿದ್ದೂ ತನ್ನಿಂದಲೇ ಅಂತ ಆದ್ರೆ ಬದುಕ್ತಾನಾ?"

"ನಮಗೇನು ಉಳಿದಿದೆ?"

ಅವನು ಒಂದು ಸ್ಪ್ರಿಂಗು ಎತ್ತಿಕೊಂಡು ಸ್ವಿಚ್ಚಿನೊಳಗೆ ಕೂರಿಸಿದ. ಅವಳು ಇಷ್ಟು ವರ್ಷ ಬೇಡಿದ ಮಾತು ಆ ಮನೆಯೊಳಗೆ ಬಂದು, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ನಿಲ್ಲದೆ ಹೊರಟುಹೋಗಿತ್ತು. ಇನ್ನು ಕಾಯುವುದಕ್ಕೂ ಅವಳಿಗೆ ಏನೂ ಇರಲಿಲ್ಲ.

ಜಿಡ್ಡಣ್ಣ ಮಾರನೆಯ ದಿನದಿಂದ ಗಿರಾಕಿಗಳ ಮನೆಮನೆಗೆ ಹೋದ. ನಿಮ್ಮ ಗಾಡಿಯ ಬ್ರೇಕಿನ ಪಿನ್ನು ಬಿಚ್ಚಿಸಿ, ತೊಳೆಸಿ, ರಬ್ಬರು ಹೊಸದು ಹಾಕಿಸಿ, ನನ್ನ ಹತ್ತಿರ ಬೇಡ, ಬೇರೆ ಕಡೆ ಮಾಡಿಸಿ ಎಂದು ಕೈ ಮುಗಿದು ಹೇಳಿದ. ಕೆಲವರು ಗಾಬರಿಬಿದ್ದು ಬೈದರು. ಹೆಚ್ಚಿನವರು, ಹೆಂಡತಿ ಹೋದ ಮೇಲೆ ಪಾಪ ತಲೆ ನೆಟ್ಟಗಿಲ್ಲ ಎಂದು ಟೀ ಕುಡಿಸಿ ಕಳಿಸಿದರು. ಒಬ್ಬ ಟ್ಯಾಕ್ಸಿಯವನಂತೂ, ನಿಮ್ಮ ಕೈಗುಣ ಬಿಟ್ಟು ಎಲ್ಲಿಗೆ ಹೋಗಲಿ, ಸ್ವಲ್ಪ ಹಾಕಿ ಅಣ್ಣ ಎಂದು ಶೆಡ್ಡಿನ ಮುಂದೆ ಗಾಡಿ ತಂದು ನಿಲ್ಲಿಸಿ ಹಾರ್ನು ಮಾಡುತ್ತಲೇ ಇದ್ದ. ಒಳಗಿನಿಂದ ಯಾರೂ ಬರಲಿಲ್ಲ. ಊರು ಬಿಟ್ಟು ಹೋದ ಗಾಡಿಗಳು, ಕೈ ಬದಲಾದ ಗಾಡಿಗಳು ಎಲ್ಲಿವೆಯೋ ಅವನಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಯಾವ ಗಾಡಿ ಬ್ರೇಕ್ ಹಾಕಿದರೂ ನಿಂತು ಕೇಳಿಸಿಕೊಳ್ಳುತ್ತಿದ್ದ. ಆಮೇಲಾಮೇಲೆ ಕೇಳಿಸಿಕೊಳ್ಳಲಾರದೆ ಬೀದಿಗೆ ಬರುವುದನ್ನೇ ಕಡಿಮೆ ಮಾಡಿದ. ಶೆಡ್ಡನ್ನು ಬಾಡಿಗೆಗೆ ಕೊಟ್ಟ. ಅಲ್ಲೀಗ ಪ್ಲೈವುಡ್ ಮಾರುತ್ತಾರೆ.

ಡ್ರೈವರಮ್ಮ ಅದೇ ವ್ಯಾನು ಓಡಿಸುತ್ತಿದ್ದಾಳೆ, ಬೇರೆ ಕಡೆ ರಿಪೇರಿ ಮಾಡಿಸುತ್ತಾಳೆ. ಅವಳ ಗಂಡ ಮನೆಯಲ್ಲಿ ಸ್ವಿಚ್ಚಿಗೆ ಸ್ಪ್ರಿಂಗು ಕೂರಿಸುತ್ತಾನೆ. ಜಿಡ್ಡಣ್ಣ ಈಗ ಸಿಮೆಂಟ್ ಗೋದಾಮಿನ ಹಿಂಭಾಗದಲ್ಲಿ, ಗಾಡಿಗಳು ಬಾರದ ಕಡೆ, ಖಾಲಿ ಚೀಲಗಳನ್ನು ಕೊಡವಿ ಮಡಿಚಿ ಕಟ್ಟು ಕಟ್ಟುವ ಕೆಲಸ ಮಾಡುತ್ತಾನೆ.